ಭಾನುವಾರದ ಬಾಣಂತಿ

ನಮ್ಮ ಊರಿನಲ್ಲಿ ಯಾರಾದರೂ ‘ಹಸಿ’ ಎನ್ನಬೇಕಾದರೆ ನಮ್ಮ ಮನೆಗೆ ಬರಬೇಕು. ಬಂದು, ಹೊಸ್ತಿಲಾಚೆ ನಿಂತು, ಬಲಗೈ ಚಾಚಬೇಕು. ನಾನು ದೇವರ ಗೂಡಿನಿಂದ ಹಿತ್ತಾಳೆಯ ಬಳೆ ತಂದು ‘ಯಾವುದರ ಮುಂದೆ?’ ಎಂದು ಕೇಳುತ್ತೇನೆ. ಅವರು ‘ಗೋಡೆ ಮುಂದೆ’ ಎಂದೋ ‘ಮೆಣಸಿನಕಾಯಿ ಮುಂದೆ’ ಎಂದೋ ಹೇಳುತ್ತಾರೆ. ಬಳೆ ತೊಡಿಸುತ್ತೇನೆ. ಅದು ಕೈಯಲ್ಲಿರುವಷ್ಟು ಹೊತ್ತು ಅವರ ಬಾಯಲ್ಲಿ ಆ ಮಾತು ಬರುತ್ತದೆ, ಅದೂ ಅವರು ಹೇಳಿದ್ದರ ಮುಂದೆ ಮಾತ್ರ. ಬಳೆಯಿಲ್ಲದವರು ಎಷ್ಟು ಬಾಯಿ ತೆರೆದರೂ ಗಾಳಿ ಬರುತ್ತದೆಯೇ ಹೊರತು ಮಾತು ಬರುವುದಿಲ್ಲ. ಹೀಗಾಗಿ ನಮ್ಮ ಮನೆಯನ್ನು ‘ಹಸಿ ಮನೆ’ ಎಂದು ಹೆಸರು ಹಿಡಿದು ಕರೆಯಲು ಯಾರಿಗೂ ಆಗದೆ, ಎಲ್ಲರೂ ‘ಆ ಮನೆ’ ಎನ್ನುತ್ತಾರೆ. ನಾನು ಆ ಮನೆಯ ದಾಕ್ಷಾಯಣಿ.

ಬರೆಯುವುದಕ್ಕೆ ಈ ಕಟ್ಟಳೆ ಇಲ್ಲ. ಓದುವುದಕ್ಕಿದೆ. ನಮ್ಮೂರಿನವರು ಯಾರಾದರೂ ಇದನ್ನು ಗಟ್ಟಿಯಾಗಿ ಓದಲು ಹೊರಟರೆ ಅಲ್ಲಲ್ಲಿ ಬಾಯಿ ತೆರೆದು ಸುಮ್ಮನಾಗಬೇಕಾಗುತ್ತದೆ, ಅದು ಅವರ ಪಾಡು. ಮೇಲಿನ ಬೀದಿಯ ಹುಚ್ಚೀರಪ್ಪನ ಮನೆಯಲ್ಲಿ ‘ಒಣ’ ಇದೆ. ಉಳಿದ ಮಾತುಗಳೆಲ್ಲ ಗಾಳಿ ಬೆಳಕಿನ ಹಾಗೆ ಎಲ್ಲರವು, ಅವಕ್ಕೆ ಯಾರ ಮನೆ ಬಾಗಿಲನ್ನೂ ತಟ್ಟಬೇಕಾಗಿಲ್ಲ.

ನಮ್ಮ ಜನ ಹೇಳಿದ್ದನ್ನು ನಂಬುತ್ತಾರೆ. ಹೇಳದ್ದನ್ನು ಕಣ್ಣಾರೆ ಕಂಡರೂ ನಂಬುವುದಿಲ್ಲ. ಗಾರೆ ಕೆಲಸದ ಇಮಾಮಸಾಬಿ ಬಳೆ ತೊಟ್ಟು ‘ಇದು ಹಸಿ ಗೋಡೆ’ ಎಂದನೆಂದರೆ ದನ ಕೂಡ ಅದಕ್ಕೆ ಮೈ ಉಜ್ಜುವುದಿಲ್ಲ. ಹೇಳದಿದ್ದರೆ, ಗಾರೆ ಇನ್ನೂ ಜಾರುತ್ತಿದ್ದರೂ ಅದಕ್ಕೇ ಒರಗಿ ಕೂತು ಎಲೆಅಡಿಕೆ ಹಾಕುತ್ತಾರೆ, ಏಳುವಾಗ ಬೆನ್ನಿಗೆ ಕಾಲುಭಾಗ ಗೋಡೆ ಮೆತ್ತಿಕೊಂಡು ಮನೆಗೆ ಹೋಗುತ್ತಾರೆ. ಹೇಳಿದ್ದು ಆ ದಿನಕ್ಕೆ ಮಾತ್ರ ನಿಲ್ಲುತ್ತದೆ. ಮಾರನೆಯ ದಿನ ಬೇಕೆಂದರೆ ಮತ್ತೆ ಹೇಳಬೇಕು. ಒಂದು ದಿನಕ್ಕೆ ಆ ಮಾತು ಒಂದರ ಮುಂದೆ ಮಾತ್ರ ಬರುವುದರಿಂದ, ಹಿಂದೆ ನಮ್ಮ ಹೊಸ್ತಿಲಲ್ಲಿ ಬೆಳಬೆಳಿಗ್ಗೆ ಹೊಡೆದಾಟವೇ ಆಗುತ್ತಿತ್ತಂತೆ. ಅದು ತಪ್ಪಲೆಂದು ನನ್ನ ಮಾವನ ತಂದೆ ಪಡಸಾಲೆಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ವಾರದ ಸರದಿ ಬರೆದಿಟ್ಟು ಸತ್ತರು.

ಸೋಮವಾರ ಗೋಡೆ. ಅದಕ್ಕೇ ಇಮಾಮಸಾಬಿ ಸೋಮವಾರ ಬಿಟ್ಟು ಬೇರೆ ದಿನ ಗಾರೆ ಮುಟ್ಟುವುದಿಲ್ಲ. ಮಂಗಳವಾರ ಸಂತೆಯಾದ್ದರಿಂದ ಮೆಣಸಿನಕಾಯಿ. ಶುಂಠಿಯವರು ತಮಗೂ ಒಂದು ದಿನ ಬೇಕೆಂದು ಮೂರು ತಲೆಮಾರಿನಿಂದ ಅರ್ಜಿ ಕೊಡುತ್ತಲೇ ಇದ್ದಾರೆ. ಬುಧವಾರ ಊರ ಸಭೆ, ಆ ದಿನ ಸುಳ್ಳಿನ ಮುಂದೆ. ಬಳೆ ತೊಟ್ಟವರು ಎದುರಿನವರ ಮಾತನ್ನು ‘ಹಸಿ ಸುಳ್ಳು’ ಎಂದರೆ ಚರ್ಚೆ ಮುಗಿಯಿತು, ಎಲ್ಲರೂ ಎದ್ದು ಕಾಫಿ ಕುಡಿಯುತ್ತಾರೆ. ಅಧ್ಯಕ್ಷ ಗುರುಲಿಂಗಯ್ಯನವರ ಮನೆ ನಮ್ಮ ಮನೆಗೆ ಹತ್ತಿರ. ಅದಕ್ಕೇ ಅವರು ಇಪ್ಪತ್ತೆಂಟು ವರ್ಷದಿಂದ ಅಧ್ಯಕ್ಷರು. ಗುರುವಾರ ಅತ್ತೆಯರ ದಿನ. ಸೊಸೆ ಮಾಡಿದ ಸಾರನ್ನು ಮೂಗಿನ ಹತ್ತಿರ ಹಿಡಿದು ‘ಹಸಿ ವಾಸನೆ ಇನ್ನೂ ಹೋಗಿಲ್ಲ’ ಎನ್ನಲು ವಾರವಿಡೀ ಕಾದಿರುತ್ತಾರೆ. ಬಳೆ ಮನೆಯಿಂದ ಮನೆಗೆ ಓಡಾಡಿ ಸಂಜೆ ಬೆಳ್ಳುಳ್ಳಿ ಘಮದೊಡನೆ ವಾಪಸ್ ಬರುತ್ತದೆ. ಶುಕ್ರವಾರ ಸೌದೆ ಡಿಪೋದವರು ಕಟ್ಟಿಗೆಗೆಂದು ಒಯ್ಯುತ್ತಾರೆ, ಶನಿವಾರ ಆಸ್ಪತ್ರೆಯ ಕಾಂಪೌಂಡರು ಗಾಯಕ್ಕೆಂದು. ಎಲ್ಲರಿಗೂ ಹಂಚಿ ಉಳಿದದ್ದು ಭಾನುವಾರ. ಅದನ್ನು ಬಾಣಂತಿಯರಿಗೆ ಬಿಟ್ಟಿದ್ದಾರೆ.

ಅಂದರೆ ನಮ್ಮೂರಲ್ಲಿ ಹೆತ್ತವಳು ವಾರಕ್ಕೆ ಒಂದು ದಿನ ಹಸಿ ಬಾಣಂತಿ. ಆ ದಿನ ಅವಳ ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುತ್ತಾರೆ, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟುತ್ತಾರೆ, ಮೆಣಸು ಬೆಳ್ಳುಳ್ಳಿಯ ಸಾರು ಕುಡಿಸಿ ಮಲಗಿಸುತ್ತಾರೆ. ಸೋಮವಾರ ಬೆಳಗಾದರೆ ಅವಳು ಎಲ್ಲರಂತೆ ಹೆಂಗಸು. ಎದ್ದು ಕೊಡ ತೆಗೆದುಕೊಂಡು ಬಾವಿಗೆ ಹೋಗುತ್ತಾಳೆ. ಹೋಗೆಂದು ಯಾರೂ ಹೇಳುವುದಿಲ್ಲ. ಹೋಗಬೇಡ ಎನ್ನಲು ಯಾರಿಗೂ ಕಾರಣ ಸಿಗುವುದಿಲ್ಲ, ಅಷ್ಟೆ. ‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎಂಬ ಗಾದೆ ಬಹುಶಃ ನಮ್ಮೂರಲ್ಲೇ ಹುಟ್ಟಿರಬೇಕು.

ನಾನು ಹೆತ್ತದ್ದು ಒಂದು ಸೋಮವಾರ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಶ್ರಾವಣದಲ್ಲಿ. ಆಗ ಬಳೆ ನನ್ನ ಅತ್ತೆಯ ವಶದಲ್ಲಿತ್ತು, ನಾನು ಮಲಗಿದ್ದ ಕೋಣೆಯಿಂದ ನಾಲ್ಕು ಹೆಜ್ಜೆ ಆಚೆಗೆ. ಅವರು ಅದನ್ನು ನನಗಾಗಿ ತೆಗೆಯಲಿಲ್ಲ. ‘ಮನೆಯವರಿಗೇ ಸರದಿ ತಪ್ಪಿಸಿ ಕೊಟ್ರೆ ಊರು ಏನಂದೀತು?’ ಎಂದರು. ಅವರು ಕೆಟ್ಟವರಲ್ಲ, ನಿಯಮದವರು. ಎರಡಕ್ಕೂ ಇರುವ ವ್ಯತ್ಯಾಸ ಕಂಡುಹಿಡಿಯಲು ನನಗೆ ಬಹಳ ವರ್ಷ ಬೇಕಾಯಿತು. ಮೂರನೆಯ ದಿನ, ಬುಧವಾರ, ಬಳೆ ಊರ ಸಭೆಗೆ ಹೋಗಿತ್ತು. ನಾನು ಬಾವಿಗೆ ಹೋದೆ. ಎರಡು ಕೊಡ ತಂದೆ, ಮೂರನೆಯದಕ್ಕೆ ಕಣ್ಣು ಕತ್ತಲಿಟ್ಟಿತು. ರಾತ್ರಿ ಚಳಿಜ್ವರ ಬಂತು, ಹಾಲು ಬತ್ತಿತು. ಕೂಸು ಶನಿವಾರ ಹೋಯಿತು. ಭಾನುವಾರ ಬಳೆ ಪಕ್ಕದ ಮನೆಗೆ ಹೋಯಿತು, ಅಲ್ಲಿ ಅದೇ ಬೆಳಿಗ್ಗೆ ಮಾಳಮ್ಮ ಗಂಡು ಹೆತ್ತಿದ್ದಳು. ಆ ವಾರ ನನ್ನ ಮನಸ್ಸಿನಲ್ಲಿ ಹಸಿ ಗೋಡೆಯಲ್ಲಿ ಹರಳು ನೆಟ್ಟ ಹಾಗೆ ಕೂತಿದೆ. ಆಮೇಲೆ ನನಗೆ ಮಕ್ಕಳಾಗಲಿಲ್ಲ. ಅತ್ತೆ ಹೋದರು, ಗಂಡ ಹೋದರು, ಬಳೆ ನನ್ನ ಪಾಲಿಗೆ ಬಂತು. ನಾನೂ ಸರದಿಯ ಪ್ರಕಾರವೇ ಕೊಡುತ್ತ ಬಂದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ.

ಈ ವರ್ಷ ಕಾರ್ತೀಕದ ಒಂದು ಸೋಮವಾರ, ಇನ್ನೂ ಹೊತ್ತು ಹುಟ್ಟುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಇಮಾಮಸಾಬಿ ಇರಬೇಕೆಂದು ಬಳೆ ಹಿಡಿದುಕೊಂಡೇ ಹೋದೆ. ಪಕ್ಕದ ಮನೆಯ ಮಾಳಮ್ಮ ನಿಂತಿದ್ದಳು. ನಮ್ಮ ಓಣಿಯ ಅತ್ತೆಯರಲ್ಲೆಲ್ಲ ಇವಳು ಜೋರು. ಗುರುವಾರ ಬಳೆಗೆ ಮೊದಲು ಬರುವವಳು ಇವಳೇ. ಸೊಸೆ ಪುಟ್ಟಗೌರಿಯ ಸಾರಿನಲ್ಲಿ ಇವಳಿಗೆ ಸಿಗದ ವಾಸನೆಯಿಲ್ಲ. ಬಲಗೈ ಚಾಚಿದಳು.

‘ಯಾವುದರ ಮುಂದೆ?’ ಎಂದೆ.

‘ಬಾಣಂತಿ ಮುಂದೆ.’

‘ಇವತ್ತು ಸೋಮವಾರ ಕಣೆ.’

‘ನಂಗೇನು ವಾರ ಗೊತ್ತಾಗಾಕಿಲ್ವಾ?’ ಎಂದಳು. ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ‘ಗೌರಿ ನೆನ್ನೆ ರಾತ್ರಿ ಹೆತ್ಲು. ಗಂಡು. ರಕ್ತ ಇನ್ನೂ ನಿಂತಿಲ್ಲ. ಈಗ ಎದ್ದು ಕೊಡ ಹುಡುಕ್ತಾವ್ಳೆ. ಮಲ್ಕೊಳ್ಳೆ ಅಂದೆ. ಯಾಕತ್ತೆ ಅಂದ್ಲು. ಬಾಯಿ ತೆಗೆದೆ, ಏನೂ ಬರ್ನಿಲ್ಲ. ಕೊಡ ತಗಂಡು ಅಟ್ಟದ ಮ್ಯಾಲೆ ಬಚ್ಚಿಟ್ಟು ಬಂದಿವ್ನಿ.’

‘ಕೊಡ ಇಲ್ದಿದ್ರೆ ಬಿಂದಿಗೆ ತಗೊಂಡು ಹೋಗ್ತಾಳೆ.’

‘ಅದನ್ನೂ ಬಚ್ಚಿಟ್ಟಿವ್ನಿ.’

ನಾನು ಪಡಸಾಲೆಯ ಗೋಡೆ ನೋಡಿದೆ. ಕೆಮ್ಮಣ್ಣಿನ ಅಕ್ಷರ ಒಂದೂ ಮಾಸಿರಲಿಲ್ಲ. ಪ್ರತಿ ದೀಪಾವಳಿಗೆ ಅದರ ಮೇಲೆ ಮತ್ತೆ ಕೆಮ್ಮಣ್ಣು ತಿದ್ದುತ್ತಿದ್ದವಳು ನಾನೇ. ಬೀದಿಯ ಕೊನೆಯಲ್ಲಿ ಇಮಾಮಸಾಬಿ ಗಾರೆ ಮೆತ್ತುವ ಕರಣೆ ಹಿಡಿದುಕೊಂಡು ಬರುತ್ತಿದ್ದುದು ಕಾಣಿಸಿತು. ಅವನು ಬಂದು ಕೈ ಚಾಚಿದರೆ ಇಲ್ಲವೆನ್ನಲು ನನಗೆ ಧೈರ್ಯ ಬರುವುದಿಲ್ಲವೆಂದು ಗೊತ್ತಿತ್ತು. ಮಾಳಮ್ಮನ ಕೈಗೆ ಬಳೆ ತೊಡಿಸಿದೆ. ‘ನಲವತ್ತು ದಿನ ನಿನ್ನ ಹತ್ರವೇ ಇರಲಿ,’ ಎಂದೆ. ‘ದಿನಾ ಬೆಳಿಗ್ಗೆ ಅವಳು ಕಾಲು ಕೆಳಗಿಡೋಕೆ ಮುಂಚೆ ಹೇಳು.’ ಅವಳು ಓಡಿದಳು. ಐವತ್ತರ ಹತ್ತಿರದ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಅವಳ ಗಂಟಲು ಕೇಳಿಸಿತು: ‘ನಮ್ ಗೌರಿ ಹಸಿ ಬಾಣಂತಿ! ಮುಟ್ಟೀರಾ ಜೋಕೆ!’ ಅವಳನ್ನು ಮುಟ್ಟಲು ಅಲ್ಲಿ ಯಾರೂ ಇರಲಿಲ್ಲ.

ಇಮಾಮಸಾಬಿ ವಿಷಯ ಕೇಳಿ ಕರಣೆಯನ್ನು ಜಗಲಿಯ ಮೇಲಿಟ್ಟ. ‘ನಲವತ್ತು ದಿನ ನಾನೇನು ಮಾಡ್ಲಿ ಅಕ್ಕ?’ ಎಂದ. ಗೋಡೆಯ ಮುಂದೆ ಕೂತು ಕಾಯಿ ಎಂದೆ. ಹಾಗೆಯೇ ಮಾಡಿದ. ಅವನು ಊಟಕ್ಕೆ ಎದ್ದು ಹೋದಾಗಲೆಲ್ಲ ಯಾರಾದರೂ ಬಂದು ಒರಗುತ್ತಿದ್ದರು. ಸಂತೆಯಲ್ಲಿ ಮೆಣಸಿನಕಾಯಿ ಕೇಳಿದರೆ ಕೈಗೆ ಸಿಕ್ಕಿದ್ದನ್ನು ಕೊಡತೊಡಗಿದರು, ಆ ವಾರ ಊರಿನ ಚಟ್ನಿಗಳೆಲ್ಲ ಕೆಂಪಗಿದ್ದವು. ಮುಂದಿನ ವಾರಕ್ಕೆ ಬುದ್ಧಿವಂತರು ದಾರಿ ಹುಡುಕಿದರು. ಹುಚ್ಚೀರಪ್ಪನ ಮನೆಗೆ ಹೋಗಿ ‘ಒಣ’ ತಂದು, ‘ಒಣ ಅಲ್ಲದ ಮೆಣಸಿನಕಾಯಿ’ ಎಂದು ಕೂಗಿ ಮಾರಿದರು. ಅಲ್ಲಿಯವರೆಗೆ ಕೊಬ್ಬರಿ ದ್ರಾಕ್ಷಿಯವರು ಬಿಟ್ಟರೆ ಯಾರೂ ಕಾಲಿಡದಿದ್ದ ಮನೆ ಅದು. ಈಗ ಹುಚ್ಚೀರಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಜಗಲಿಯ ಮೇಲೆ ಕೂರತೊಡಗಿದ. ಡಿಪೋದಲ್ಲಿ ನಿನ್ನೆ ಕಡಿದ ಮರವೂ ಕಟ್ಟಿಗೆಯೆಂದೇ ಮಾರಾಟವಾಗಿ ಊರ ತುಂಬ ಹೊಗೆ ಎದ್ದಿತು. ಎಲ್ಲರ ಕಣ್ಣಲ್ಲೂ ನೀರು ನೋಡಿ ಪಕ್ಕದೂರಿನವರು ಯಾರು ಹೋದರೆಂದು ವಿಚಾರಿಸಿಕೊಂಡು ಹೋದರು. ಗುರುವಾರಗಳಲ್ಲಿ ಅತ್ತೆಯರು ಸಾರನ್ನು ಮೂಗಿನ ಹತ್ತಿರ ತಂದು, ಹೇಳಲು ಏನೂ ಇಲ್ಲದೆ, ಕುಡಿದುಬಿಡುತ್ತಿದ್ದರು. ಒಬ್ಬಾಕೆ ಬಾಯಿ ತಪ್ಪಿ ಚೆನ್ನಾಗಿದೆ ಎಂದಳಂತೆ, ಆ ಮನೆಯಲ್ಲಿ ಸೊಸೆ ಹೆದರಿ ತವರಿಗೆ ಹೇಳಿಕಳಿಸಿದಳು.

ಹೆಚ್ಚು ತೊಂದರೆಯಾದದ್ದು ಊರ ಸಭೆಗೆ. ಚರಂಡಿ ಕಟ್ಟಿಕೊಂಡಿದೆ ಎಂದು ಯಾರೋ ಎದ್ದು ಹೇಳಿದರು. ಅಧ್ಯಕ್ಷರು ಅಭ್ಯಾಸದಂತೆ ಬಾಯಿ ತೆರೆದರು, ಬರಿ ‘ಸುಳ್ಳು’ ಮಾತ್ರ ಬಂತು. ಬರಿ ಸುಳ್ಳೆಂದರೆ ಮಾತು ಮುಗಿಯುವುದಿಲ್ಲ. ‘ಹೇಗೆ ಸುಳ್ಳು?’ ಎಂದು ಜನ ಕೇಳಿದರು. ಹೇಗೆಂದು ತೋರಿಸಲು ಎಲ್ಲರೂ ಎದ್ದು ಚರಂಡಿಯ ಹತ್ತಿರ ಹೋಗಬೇಕಾಯಿತು. ಹೋಗಿ ನೋಡಿದ ಮೇಲೆ ಅದನ್ನು ರಿಪೇರಿ ಮಾಡಿಸದೆ ಬೇರೆ ದಾರಿಯಿರಲಿಲ್ಲ. ಮುಂದಿನ ಬುಧವಾರ ಅಧ್ಯಕ್ಷರು ‘ಒಣ ಅಲ್ಲದ ಸುಳ್ಳು’ ಎಂದು ನೋಡಿದರು. ಯಾರೂ ಕಾಫಿಗೆ ಏಳಲಿಲ್ಲ.

ಮೂರನೆಯ ಬುಧವಾರ ಅವರು ನಮ್ಮ ಮನೆಗೆ ಬಂದರು. ಹಿಂದೆ ಹುಚ್ಚೀರಪ್ಪನೂ ಇದ್ದ.

‘ದಾಕ್ಷಾಯಣಮ್ಮ, ಊರು ನಿಂತುಹೋಗಿದೆ,’ ಎಂದರು ಅಧ್ಯಕ್ಷರು.

‘ಚರಂಡಿ ಹರೀತಿದೆ ಅಂತ ಕೇಳಿದೆ.’

‘ಅದು ಬೇರೆ ವಿಷಯ. ನಿಮ್ಮ ಮಾವನವರ ತಂದೆ ಬರೆದ ಸರದಿ ಇದು. ಒಬ್ಬಳಿಗೋಸ್ಕರ ಇಡೀ ಊರು ಬಾಯಿ ಕಟ್ಟಿಕೊಂಡು ಕೂರೋಕಾಗುತ್ತಾ? ಭಾನುವಾರದೊಳಗೆ ಬಳೆ ವಾಪಸ್ ಬರದಿದ್ರೆ ಅದನ್ನ ಹುಚ್ಚೀರಪ್ಪನ ಮನೇಲಿ ಇಡಿಸ್ತೀವಿ. ಎರಡೂ ಒಂದೇ ಕಡೆ ಇರಲಿ.’

ಬೆಳಿಗ್ಗೆ ಎದ್ದರೆ ಬಾಗಿಲಿಗೆ ಯಾರೋ ಒಬ್ಬರು ಬರುತ್ತಾರೆ, ಕೈ ಚಾಚುತ್ತಾರೆ ಎನ್ನುವುದೊಂದು ಬಿಟ್ಟರೆ ನನ್ನ ಬದುಕಿನಲ್ಲಿ ಬೇರೇನಿತ್ತು? ಬಳೆ ಹೋದರೆ ಈ ಮನೆಗೆ ಹಾಲಿನವನೂ ಬರುವುದಿಲ್ಲ. ಮಾಳಮ್ಮನನ್ನು ಕರೆದು ಬಳೆ ಬಿಚ್ಚಿಸಿಕೊಳ್ಳುವ ಯೋಚನೆ ಬಂದದ್ದು ನಿಜ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಗೋಡೆಯಾಚೆ ಪುಟ್ಟಗೌರಿಯ ಕೂಸು ಅತ್ತಿತು. ಹೊಟ್ಟೆ ತುಂಬಿದ ಕ್ಷಣಕ್ಕೆ ಗಪ್ಪನೆ ಸುಮ್ಮನಾಯಿತು.

‘ಅಧ್ಯಕ್ಷರೇ,’ ಎಂದೆ, ‘ಇಪ್ಪತ್ನಾಲ್ಕು ವರ್ಷದ ಹಿಂದೆ ಶ್ರಾವಣದ ಎರಡನೇ ಬುಧವಾರ ನೀವು ನಮ್ಮತ್ತೆ ಹತ್ರ ಬಳೆ ತಗೊಂಡು ಹೋದ್ರಿ. ಅವತ್ತು ಏನು ಸುಳ್ಳಾಗಿತ್ತು, ನೆನಪಿದೆಯಾ?’

ಅವರು ಯೋಚಿಸಿದರು. ಲೆಕ್ಕ ತಪ್ಪದ ಮನುಷ್ಯ. ‘ಚರಂಡಿ ಕಟ್ಟಿಕೊಂಡಿದೆ ಅಂತ ಯಾರೋ ಅಂದಿದ್ರು,’ ಎಂದರು.

‘ಕಟ್ಟಿಕೊಂಡಿತ್ತಾ?’

‘ಕಟ್ಟಿಕೊಂಡಿತ್ತು.’

‘ಅವತ್ತು ನಾನು ಹೆತ್ತು ಮೂರನೇ ದಿನ. ನೀರಿಗೆ ಹೋಗಿದ್ದೆ. ನನ್ನ ಕೂಸು ಆ ಶನಿವಾರ ಹೋಯ್ತು. ಸರದಿ ಏನೂ ತಪ್ಪಿರಲಿಲ್ಲ.’

ಹುಚ್ಚೀರಪ್ಪ ಪಂಚೆಯ ಮಡಿಕೆ ಸರಿಮಾಡಿಕೊಂಡು, ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆಂದು ಹೊರಟುಹೋದ. ಅಧ್ಯಕ್ಷರು ಗೋಡೆಯ ಮೇಲಿನ ಸರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಹೊಸದಾಗಿ ನೋಡುವವರ ಹಾಗೆ. ‘ನಲವತ್ತು ದಿನ ಆಗಲಿ,’ ಎಂದರು ಆಮೇಲೆ. ‘ಆದ್ರೆ ವಾಪಸ್ ಬಂದ ಮೊದಲನೇ ದಿನ ಸಭೆಗೆ ಕೊಡ್ಬೇಕು. ಯಾವ ವಾರವಾದ್ರೂ ಸರಿ. ಸುಳ್ಳುಗಳು ಬಹಳ ಬಾಕಿ ಬಿದ್ದಿವೆ.’ ನಾನು ಒಪ್ಪಿಕೊಂಡೆ.

ನಲವತ್ತು ದಿನ ಮುಗಿದದ್ದು ಶುಕ್ರವಾರ. ಶನಿವಾರ ಬೆಳಿಗ್ಗೆ ನಾನು ಕೊಡ ಸೊಂಟಕ್ಕಿಟ್ಟುಕೊಂಡು ಬಾವಿಗೆ ಹೊರಟಿದ್ದೆ. ಮಾಳಮ್ಮ ಬಂದಳು, ಹಿಂದೆ ಪುಟ್ಟಗೌರಿ ಕೂಸನ್ನು ಎತ್ತಿಕೊಂಡು ಬಂದಳು. ಗೌರಿಯ ಕೆನ್ನೆ ತುಂಬಿಕೊಂಡಿತ್ತು. ಆ ಹುಡುಗಿಯನ್ನು ನೋಡಿ ನನಗೆ ಸಂತೋಷವಾಯಿತು, ಕೂಸಿನ ಕಡೆ ನೋಡದೆ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡೆ. ಪದ್ಧತಿಯ ಪ್ರಕಾರ ಬಳೆ ಬಿಚ್ಚಿ ಹೊಸ್ತಿಲ ಮೇಲಿಡಬೇಕು. ಮಾಳಮ್ಮ ಬಿಚ್ಚಿದಳು, ಇಡಲಿಲ್ಲ.

‘ಕೈ ಚಾಚೆ,’ ಎಂದಳು.

‘ನಾವು ಇದನ್ನ ತೊಡೋ ಹಾಗಿಲ್ಲ. ಮನೆಯವರಿಗೆ ಸರದಿ ಇಲ್ಲ.’

‘ಆ ಭಾನುವಾರ ಇದು ನಮ್ಮನೆಗೆ ಬಂತಲ್ಲ,’ ಎಂದಳು ಮಾಳಮ್ಮ, ನನ್ನ ಮುಖ ನೋಡದೆ. ‘ನಂಗೆ ಎಣ್ಣೆ ನೀರು ಹಾಕಿ ಮಲಗ್ಸಿದ್ರು. ಗೋಡೆ ಆಚೆ ನೀನು ಅಳ್ತಿದ್ದೆ. ಕಿವಿಗೆ ಬಟ್ಟೆ ಕಟ್ಟಿದ್ರು ಕಣೆ, ಆದ್ರೂ ಕೇಳುಸ್ತಿತ್ತು. ನಾನು ಮಗ್ಗಲು ತಿರುಗಿ ಮಲ್ಕೊಂಡೆ.’ ಆಮೇಲೆ ನನ್ನ ಬಲಗೈಯನ್ನು ತಾನೇ ಎಳೆದು ಬಳೆ ತೊಡಿಸಿದಳು. ‘ಯಾವುದ್ರ ಮುಂದೆ?’

ಸಾವಿರಾರು ಸಲ ನಾನು ಕೇಳಿದ ಪ್ರಶ್ನೆ ಅದು. ನನ್ನನ್ನು ಯಾರೂ ಕೇಳಿರಲಿಲ್ಲ. ಶನಿವಾರವಾದ್ದರಿಂದ ಗಾಯದ ಮುಂದೆ ಎನ್ನಬೇಕು, ಅಧ್ಯಕ್ಷರಿಗೆ ಮಾತು ಕೊಟ್ಟದ್ದರಿಂದ ಸುಳ್ಳಿನ ಮುಂದೆ ಎನ್ನಬೇಕು ಎಂದೆಲ್ಲ ತಲೆಯಲ್ಲಿ ಓಡಿತು. ‘ಬಾಣಂತಿ ಮುಂದೆ,’ ಎಂದೆ. ಎಂದ ಮೇಲೆ ಹೇಳಲೇಬೇಕಲ್ಲ. ‘ನಾನು ಹಸಿ ಬಾಣಂತಿ,’ ಎಂದೆ.

ಮಾಳಮ್ಮ ನಗಲಿಲ್ಲ. ಯಾವ ಬಾಣಂತಿಯನ್ನಾದರೂ ಕೇಳುವ ಹಾಗೆ ಕೇಳಿದಳು: ‘ಹೆತ್ತು ಎಷ್ಟು ದಿನ ಆಯ್ತು?’

‘ಇಪ್ಪತ್ನಾಲ್ಕು ವರ್ಷ.’

‘ಒಂದಿನಾನೂ ಮಲಗಿಲ್ವಲ್ಲ. ಹಂಗಾದ್ರೆ ನಲವತ್ತೂ ಬಾಕಿ ಅವೆ,’ ಎಂದು ನನ್ನ ಸೊಂಟದಿಂದ ಕೊಡ ಕಿತ್ತುಕೊಂಡಳು. ‘ಬಾಗ್ಲಲ್ಲಿ ನಿಂತ್ಕಬ್ಯಾಡ, ಗಾಳಿ ಬಡೀತದೆ. ಒಳಗೆ ನಡಿ.’ ಕೋಣೆಯ ಕಿಟಕಿ ಮುಚ್ಚಿದಳು, ಚಾಪೆಯ ಮೇಲೆ ಕಂಬಳಿ ಹಾಸಿದಳು, ತನ್ನ ತಲೆಯ ಬಟ್ಟೆಯನ್ನೇ ಬಿಚ್ಚಿ ನನ್ನ ಕಿವಿ ಮುಚ್ಚುವಂತೆ ಕಟ್ಟಿದಳು. ಪುಟ್ಟಗೌರಿ ನಮ್ಮ ಒಲೆಯ ಮುಂದೆ ಕೂತು ಬೆಳ್ಳುಳ್ಳಿ ಜಜ್ಜತೊಡಗಿದಳು. ಸಾರು ಕುದಿಯುವವರೆಗೆ ಇರಲೆಂದು ಕೂಸನ್ನು ನನ್ನ ಮಗ್ಗುಲಲ್ಲಿ ಮಲಗಿಸಿದ್ದಳು.

ಅಧ್ಯಕ್ಷರು ಬಂದಾಗ ಮಾಳಮ್ಮ ಬಾಗಿಲಿಗೆ ಅಡ್ಡ ನಿಂತಳು. ಬಳೆ ಈಗ ಅವಳ ಕೈಯಲ್ಲಿಲ್ಲದ್ದರಿಂದ ಕಾರಣ ಹೇಳಲಾಗದೆ ಬಾಯಿ ತೆರೆದು ಮುಚ್ಚಿದಳು. ನಾನೇ ಒಳಗಿನಿಂದ ಹೇಳಿದೆ: ‘ಇವತ್ತು ಆಗೋದಿಲ್ಲ ಅಧ್ಯಕ್ಷರೇ. ನಾನು ಹಸಿ ಬಾಣಂತಿ.’

ಅವರೂ ಈ ಊರಿನವರೇ, ಹೇಳಿದ್ದನ್ನು ನಂಬುವವರು. ಚಪ್ಪಲಿ ಬಿಟ್ಟ ಸದ್ದಾಯಿತು. ಜಗಲಿ ಇಳಿದು ಅಂಗಳದಲ್ಲಿ ನಿಂತರು, ಬಾಣಂತಿ ಮನೆಯ ಮುಂದೆ ಗಂಡಸರು ನಿಲ್ಲಬೇಕಾದ ಕಡೆ. ದನಿ ತಗ್ಗಿಸಿ ಕೇಳಿದರು: ‘ಮಗು ಏನಮ್ಮ?’

ಇಪ್ಪತ್ತನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ‘ಹೆಣ್ಣು,’ ಎಂದೆ. ಹೇಳಿ, ಕಂಬಳಿ ಕಚ್ಚಿಕೊಂಡು ಅತ್ತೆ. ಮಗ್ಗುಲಲ್ಲಿದ್ದ ಕೂಸು ಎಚ್ಚರಗೊಂಡು ನನ್ನನ್ನು ನೋಡುತ್ತ ಬೆರಳು ಚೀಪಿತು.

ಹೊರಗೆ ಅಧ್ಯಕ್ಷರು ಇನ್ನೂ ನಿಂತೇ ಇದ್ದರು. ‘ನೀರಿಗೆ ಯಾರು ಹೋಗ್ತಾರೆ?’ ಎಂದದ್ದು ಕೇಳಿಸಿತು. ಹಿತ್ತಾಳೆ ಕೊಡ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ ಸದ್ದಾಯಿತು, ಆಮೇಲೆ ದೂರದಲ್ಲಿ ಬಾವಿಯ ರಾಟೆ ಕಿರುಗುಟ್ಟಿತು. ಅಭ್ಯಾಸವಿಲ್ಲದ ಮನುಷ್ಯ, ಅರ್ಧ ಕೊಡವನ್ನು ದಾರಿಯಲ್ಲೇ ಚೆಲ್ಲಿಕೊಂಡು ಬಂದರೆಂದು ಮಾಳಮ್ಮ ಆಮೇಲೆ ಹೇಳಿದಳು. ಇನ್ನೊಂದು ಸಲ ಹೋದರಂತೆ.

ಮೂರನೆಯ ದಿನ ಬೆಳಿಗ್ಗೆ ನನಗೆ ಅಭ್ಯಾಸದಂತೆ ಬೇಗ ಎಚ್ಚರವಾಯಿತು. ಎದ್ದು ಕೂತು ಕೊಡಕ್ಕಾಗಿ ಕಣ್ಣಾಡಿಸಿದೆ. ಅದು ಜಗಲಿಯ ಮೇಲಿತ್ತು, ಕತ್ತಿನವರೆಗೆ ತುಂಬಿತ್ತು. ಬಳೆ ಕೈಯಲ್ಲಿದೆಯೇ ನೋಡಿಕೊಂಡೆ, ಆ ದಿನದ ಮಾತನ್ನು ಮೆಲ್ಲಗೆ ಹೇಳಿಕೊಂಡೆ, ಮಗ್ಗುಲು ತಿರುಗಿ ಮತ್ತೆ ಮಲಗಿದೆ.